ಮೆಷಿನ್‌ಗೆ ದಮ್ಮಿಲ್ಲ ಅನ್ನುವ ಮುಂಚೆ ಪುಡಿ ನೋಡಿ

ಪ್ರಶ್ನೆ: ಮೂರು ವರ್ಷದ ಹಿಂದೆ ತಗೊಂಡ 45 ಸಿಸಿ ಚೈನ್ ಸಾ ಇದೆ, 18 ಇಂಚಿನ ಬಾರ್. ಈಗ ಸಿಲ್ವರ್ ಓಕ್ ದಿಮ್ಮಿ ಕೊಯ್ಯುವುದಕ್ಕೂ ದಮ್ಮಿಲ್ಲ, ಹೊಗೆ ಬೇರೆ ಬರುತ್ತದೆ. ಮಳೆ ಹಿಡಿಯುವ ಮುಂಚೆ 70 ಸಿಸಿಯದು ತಗೊಳ್ಳಲಾ?

ಈ ಪ್ರಶ್ನೆ ನಾಪೋಕ್ಲು ಕಡೆಯದು. ಹೋದ ವಾರ ಇದನ್ನೇ ಸಿದ್ದಾಪುರದವರು ಕೇಳಿದ್ದರು, ಅದರ ಹಿಂದಿನ ವಾರ ಶನಿವಾರಸಂತೆಯವರು. ಸಿಸಿ ಮಾತ್ರ ಬೇರೆ. ಮೇ ತಿಂಗಳು ಬಂತೆಂದರೆ ಕೊಡಗಿನಲ್ಲಿ ಅರ್ಧ ಜನಕ್ಕೆ ಮೆಷಿನ್ ನೆನಪಾಗುತ್ತದೆ. ಉಳಿದರ್ಧಕ್ಕೆ ಗೇಟಿಗೆ ಅಡ್ಡ ಮರ ಬಿದ್ದ ದಿನ ನೆನಪಾಗುತ್ತದೆ.

ಉತ್ತರಕ್ಕೆ ಮೊದಲು ನಾನೊಂದು ಕೇಳುತ್ತೇನೆ. ಕೊಯ್ಯುವಾಗ ಕೆಳಗೆ ಏನು ಬಿತ್ತು? ಅಂಗೈಯಲ್ಲಿ ಹಿಡಿದು ನೋಡಿದಿರಾ? ಅವಲಕ್ಕಿಯ ಹಾಗೆ ಚಕ್ಕೆ ಚಕ್ಕೆಯಾಗಿ ಬಿದ್ದರೆ ಚೈನ್ ಸರಿಯಿದೆ, ಬೇರೆ ಕಾಯಿಲೆ ಹುಡುಕೋಣ. ರಾಗಿಹಿಟ್ಟಿನ ಹಾಗೆ ನುಣ್ಣಗೆ ಬಿದ್ದರೆ ಮೆಷಿನ್‌ಗೆ ಏನೂ ಆಗಿಲ್ಲ. ಚೈನ್ ಮೊಂಡಾಗಿದೆ, ಅಷ್ಟೆ. ನನ್ನ ಬೆಂಚಿಗೆ ‘ವೀಕ್ ಆಗಿದೆ’ ಎಂದು ಬರುವ ಮೆಷಿನ್‌ಗಳಲ್ಲಿ ಬಹುಪಾಲು ಈ ಹಿಟ್ಟಿನ ಗಿರಣಿಗಳೇ.

ಎಷ್ಟು ಸಲ ಹೇಳಿದರೂ ಹೋಗದ ನಂಬಿಕೆಯೊಂದಿದೆ: ಮರ ಕೊಯ್ಯುವುದು ಎಂಜಿನ್, ಹಾಗಾಗಿ ಕೊಯ್ಯದಿದ್ದರೆ ದೊಡ್ಡ ಎಂಜಿನ್ ತರಬೇಕು ಎಂದು. ಅಲ್ಲ ಮಾರಾಯರೆ. ಕೊಯ್ಯುವುದು ಹಲ್ಲು. ಎಂಜಿನ್ ಆ ಹಲ್ಲನ್ನು ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಮರದ ಮುಂದೆ ತಂದು ನಿಲ್ಲಿಸುತ್ತದೆ, ಕಚ್ಚುವುದು ಅದರ ಕೆಲಸವಲ್ಲ. ಮೊಂಡಾದ ಕತ್ತಿಯಲ್ಲಿ ಹಂದಿ ಮಾಂಸ ಕೊಯ್ಯುವಾಗ ನೀವು ಕತ್ತಿಯನ್ನು ಬೈಯುತ್ತೀರಿ, ತೋಳನ್ನು ಬೈಯುವುದಿಲ್ಲ. ಮೆಷಿನ್ ವಿಷಯಕ್ಕೆ ಬಂದರೆ ಮಾತ್ರ ಎಲ್ಲರೂ ತೋಳನ್ನೇ ಬೈಯುವುದು.

ಹಲ್ಲು ಮೊಂಡಾದಾಗ ಏನಾಗುತ್ತದೆ ನೋಡಿ. ಮೆಷಿನ್ ಒಳಗಿಳಿಯುವುದಿಲ್ಲ, ನೀವು ಮೇಲಿಂದ ಒತ್ತುತ್ತೀರಿ. ಒತ್ತಿದಷ್ಟೂ ಚೈನ್ ಮರವನ್ನು ಉಜ್ಜುತ್ತದೆ, ಚೈನ್ ಸುತ್ತುವ ಪಟ್ಟಿ, ಅಂದರೆ ಬಾರ್, ಕಾಯುತ್ತದೆ, ಕಾದ ಚೈನ್ ಉದ್ದವಾಗಿ ಜೋಲುತ್ತದೆ. ಎಂಜಿನ್‌ನ ಆರ್‌ಪಿಎಂ ಬೀಳುತ್ತದೆ, ಕ್ಲಚ್ ಜಾರಿ ಸುಡುತ್ತದೆ. ಆ ಹೊಗೆ ಸೈಲೆನ್ಸರಿನದಲ್ಲ, ಕೊಯ್ದ ಸೀಳಿನೊಳಗಿಂದ ಬಂದದ್ದು. ಇದೇ ಮೊಂಡು ಚೈನನ್ನು 70 ಸಿಸಿಗೆ ಹಾಕಿದರೆ ಇನ್ನೂ ಬೇಗ ಸುಡುತ್ತದೆ, ನಡು ಬೇರೆ ಬೀಳುತ್ತದೆ. ಹರಿತವಾದ ಚೈನ್‌ಗೆ ಒತ್ತುವುದೇ ಬೇಡ. ಮೆಷಿನ್‌ನ ತೂಕಕ್ಕೇ ಅದು ತಾನಾಗಿ ಇಳಿಯುತ್ತದೆ.

ನಾನೂ ಈ ಗುಂಡಿಗೆ ಬಿದ್ದವನೇ. ನನ್ನ ಮೊದಲ ಮೆಷಿನ್ ‘ಸತ್ತಿದೆ’ ಎಂದು ಅರ್ಧ ಬೆಲೆಗೆ ಮಾರಿದೆ. ತಗೊಂಡವನು ಸೌದೆ ಕೊಯ್ಯುವ ಹುಡುಗ. ದುಡ್ಡು ಎಣಿಸಿ ಕೊಟ್ಟು, ಜೇಬಿನಿಂದ ದುಂಡಗಿನ ಅರ ತೆಗೆದು ನಮ್ಮ ಮನೆ ಮೆಟ್ಟಿಲ ಮೇಲೇ ಕೂತ. ಹತ್ತು ನಿಮಿಷದ ಮೇಲೆ ಅಂಗಳದಲ್ಲಿ ಬಿದ್ದಿದ್ದ ಹಲಸಿನ ದಿಮ್ಮಿಯನ್ನು ಬೆಣ್ಣೆ ಕೊಯ್ದ ಹಾಗೆ ಕೊಯ್ದು, ‘ಬರ್ತೀನಿ ಅಣ್ಣಾ’ ಅಂತ ಹೊರಟ. ಆ ದಿಮ್ಮಿಯ ಮುಂದೆ ನಾನು ಎರಡು ದಿನ ಬೆವರು ಸುರಿಸಿದ್ದೆ.

ಅವನು ಮಾಡಿದ್ದು ಇಷ್ಟೆ. 72 ಲಿಂಕಿನ ಚೈನ್‌ನಲ್ಲಿ ಕೊಯ್ಯುವ ಹಲ್ಲು 36: ಎಡಮುಖದ್ದು 18, ಬಲಮುಖದ್ದು 18. ಒಂದೊಂದಕ್ಕೆ ಮೂರು ಸಲ ಅರ. ಹಲ್ಲಿನ ಮೇಲಿರುವ ಗೆರೆಯ ನೇರಕ್ಕೆ, ಸಾಮಾನ್ಯವಾಗಿ 30 ಡಿಗ್ರಿಗೆ, ಒಳಗಿಂದ ಹೊರಗೆ ತಳ್ಳಬೇಕು. ವಾಪಸ್ ಬರುವಾಗ ಎತ್ತಿ ತರಬೇಕು, ಗರಗಸದ ಹಾಗೆ ಹಿಂದೆ ಮುಂದೆ ಆಡಿಸಿದರೆ ಹಲ್ಲೂ ಹಾಳು, ಅರವೂ ಹಾಳು. ಅರದ ಐದನೇ ಒಂದು ಭಾಗ ಹಲ್ಲಿನ ತಲೆಗಿಂತ ಮೇಲಿರಲಿ. .325 ಇಂಚು ಪಿಚ್‌ನ (ಲಿಂಕುಗಳ ಸರಾಸರಿ ಅಂತರ) ಚೈನ್‌ಗೆ 4.8 ಮಿಮೀ ಅರ, ಚಿಕ್ಕ ಮೆಷಿನ್‌ಗಳ ಲೋ ಪ್ರೊಫೈಲ್ ಚೈನ್‌ಗೆ 4 ಮಿಮೀ. ಎರಡು ಬದಿಗೂ ಲೆಕ್ಕ ಒಂದೇ ಇರಬೇಕು. ಬಲಗೈಯವರು ಒಂದು ಬದಿಗೆ ಜೋರಾಗಿ, ಇನ್ನೊಂದಕ್ಕೆ ಮೆತ್ತಗೆ ಹಾಕುತ್ತಾರೆ, ಆಮೇಲೆ ‘ಮೆಷಿನ್ ಓರೆ ಕೊಯ್ಯುತ್ತೆ, ಬಾರ್ ಬೆಂಡ್ ಆಗಿದೆ’ ಅನ್ನುತ್ತಾರೆ.

‘ಅರ ಹಾಕಿದೆ, ಆದರೂ ಹಿಟ್ಟೇ ಬೀಳುತ್ತೆ’ ಅನ್ನುವವರೂ ಇದ್ದಾರೆ. ಹಲ್ಲಿನ ಮುಂದೆ ಒಂದು ಗುಬುಟು ಇದೆಯಲ್ಲ, ಅದು ರೇಕರ್. ಹಲ್ಲು ಎಷ್ಟು ಆಳ ಕಚ್ಚಬೇಕು ಎನ್ನುವುದು ಅದರ ಕೈಯಲ್ಲಿದೆ. ಹಲ್ಲಿನ ತಲೆ ಹಿಂದಕ್ಕೆ ಇಳಿಜಾರು, ಅರ ಹಾಕಿದಷ್ಟೂ ಹಲ್ಲು ಗಿಡ್ಡವಾಗುತ್ತದೆ, ರೇಕರ್ ಮಾತ್ರ ಇದ್ದಲ್ಲೇ ಇರುತ್ತದೆ. ಕೊನೆಗೆ ಎರಡೂ ಸಮ ಬಂದು ಹಲ್ಲಿಗೆ ಮರ ಸಿಗುವುದೇ ಇಲ್ಲ. ರೇಕರ್ ಸಾಮಾನ್ಯವಾಗಿ 0.65 ಮಿಮೀ ತಗ್ಗಿನಲ್ಲಿರಬೇಕು. ಅಳೆಯುವ ಪಟ್ಟಿ ಅಂಗಡಿಯಲ್ಲಿ ಸಿಗುತ್ತದೆ, ಚಪ್ಪಟೆ ಅರದಲ್ಲಿ ಎರಡು ಸಲ ತೀಡಿದರೆ ಸಾಕು. ಹುಮ್ಮಸ್ಸಿನಲ್ಲಿ ಪೂರ್ತಿ ಉಜ್ಜಿ ಹಾಕಿದಿರೋ, ಹಲ್ಲು ಆಳಕ್ಕೆ ಕಚ್ಚಿ ಮೆಷಿನ್ ಮುಖಕ್ಕೆ ಒದೆಯುತ್ತದೆ. ಇದೊಂದು ತಮಾಷೆಯ ವಿಷಯವಲ್ಲ.

ನಮ್ಮಲ್ಲಿ ಚೈನ್ ಇಷ್ಟು ಬೇಗ ಮೊಂಡಾಗಲು ಕಾರಣವಿದೆ. ಮಳೆಯಲ್ಲಿ ಬಿದ್ದ ಮರದ ಮೈತುಂಬ ಕೆಂಪು ಮಣ್ಣು. ದಿಮ್ಮಿ ನೆಲದ ಮೇಲಿದ್ದಾಗ ಪೂರ್ತಿ ಕೊಯ್ಯಲು ಹೋಗಿ ಮಣ್ಣಿಗೆ ಒಂದೇ ಸಲ ತಾಗಿದರೂ 36 ಹಲ್ಲು ಹೋಯಿತು. ಬೇಲಿಯ ಬದಿಯ ಮರಗಳಂತೂ ಮುಳ್ಳುತಂತಿ ನುಂಗಿ ಕೂತಿರುತ್ತವೆ. ಮುಕ್ಕಾಲು ಕೊಯ್ದು, ದಿಮ್ಮಿ ಹೊರಳಿಸಿ, ಉಳಿದದ್ದು ಕೊಯ್ಯಿರಿ. ಪ್ರತಿ ಸಲ ಪೆಟ್ರೋಲ್ ತುಂಬುವಾಗ ಒಂದು ಸುತ್ತು ಅರ ಹಾಕಿ. ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ದಿನ ಕೋವಿಯ ಪಕ್ಕ ಮೆಷಿನ್ ಇಟ್ಟು ಗಂಧದ ಬೊಟ್ಟು ಇಡುವವರನ್ನು ಕಂಡಿದ್ದೇನೆ. ಕೋವಿ ಥಳಥಳ, ಮೆಷಿನ್‌ನ ಹಲ್ಲು ಅಜ್ಜನ ಹಲ್ಲು.

ಹೊಗೆಗೆ ಇನ್ನೊಂದು ಕಾರಣ ಬಾರ್‌ಗೆ ಆಯಿಲ್ ಬಾರದಿರುವುದು. ಬಾರ್‌ನ ತುದಿಯನ್ನು ಒಂದು ರಟ್ಟಿನ ಎದುರು ಹಿಡಿದು ಆಕ್ಸಿಲರೇಟರ್ ಕೊಡಿ, ಎಣ್ಣೆಯ ಗೆರೆ ಮೂಡಬೇಕು. ಮೂಡದಿದ್ದರೆ ತೂತು ಕಟ್ಟಿದೆ. ಜೀಪಿನಿಂದ ಇಳಿಸಿದ ಸುಟ್ಟ ಆಯಿಲ್ ಅಲ್ಲಿಗೆ ಹಾಕಬೇಡಿ ಎಂದು ಎಷ್ಟನೇ ಸಲ ಹೇಳುತ್ತಿದ್ದೇನೋ. ಪೆಟ್ರೋಲ್‌ಗೆ ಒಳ್ಳೆಯ ಟೂ ಸ್ಟ್ರೋಕ್ ಆಯಿಲ್ ಆದರೆ ಲೀಟರಿಗೆ 20 ಮಿಲೀ, ಮೆಷಿನ್‌ನ ಪುಸ್ತಕ ಬೇರೆ ಹೇಳಿದರೆ ಪುಸ್ತಕದ ಮಾತು.

ಹೊಸದಾಗಿ ತಗೊಳ್ಳುವವರಿಗೆ ಎರಡೇ ಮಾತು. ಮನೆ, ಸೌದೆ, ದಾರಿಗೆ ಬಿದ್ದ ಕೊಂಬೆ ಇಷ್ಟಕ್ಕೆ 30ರಿಂದ 40 ಸಿಸಿ, 16 ಇಂಚಿನ ಬಾರ್ ಧಾರಾಳ. ತೋಟದಲ್ಲಿ ಮರ ಕಪಾತು (ಕೊಂಬೆ ಸವರುವುದು), ಸಿಲ್ವರ್ ಓಕ್ ಇದ್ದರೆ 45ರಿಂದ 50. 70 ಸಿಸಿ ದಿನವಿಡೀ ನಾಟಾ ಕೊಯ್ಯುವವರದ್ದು. ಬ್ಯಾಟರಿಯದು ಕೊಂಬೆಗೆ ಚೆನ್ನ, ಆದರೆ ಕಕ್ಕಡದಲ್ಲಿ, ಅಂದರೆ ಜಡಿಮಳೆಯ ತಿಂಗಳಲ್ಲಿ, ನಾಲ್ಕು ದಿನ ಕರೆಂಟಿಲ್ಲದಾಗ ಚಾರ್ಜ್ ಎಲ್ಲಿ ಮಾಡುತ್ತೀರಿ? ತಂತಿಯ ಮೇಲೆ ಬಿದ್ದ ಮರಕ್ಕೆ ಮಾತ್ರ ಯಾವ ಸಿಸಿಯೂ ಬೇಡ, ಲೈನ್‌ಮನ್ ಬರುವವರೆಗೆ ಕಾಯಿರಿ.

ಈ ಹಲ್ಲು ಯಾಕೆ ಹೀಗೆ ಕೊಕ್ಕೆಯ ಹಾಗಿದೆ ಎಂದು ಇದುವರೆಗೆ ಯಾರೂ ಕೇಳಿಲ್ಲ. ಕೇಳದಿದ್ದರೂ ಹೇಳುತ್ತೇನೆ. ಮೊದಲು ಚೈನ್‌ಗೂ ಕೈಗರಗಸದಂಥ ಮೊನಚು ಹಲ್ಲೇ ಇತ್ತು, ಅದು ಮರವನ್ನು ಗೀರುತ್ತಿತ್ತು, ಪದೇಪದೇ ಅರ ಬೇಡುತ್ತಿತ್ತು. 1946ರಲ್ಲಿ ಅಮೆರಿಕದ ಓರೆಗಾನ್‌ನಲ್ಲಿ ಜೋಸೆಫ್ ಕಾಕ್ಸ್ ಎಂಬ ಮರ ಕೊಯ್ಯುವವನು ಸೌದೆ ಒಡೆಯುತ್ತಿದ್ದಾಗ ಮರ ಕೊರೆಯುವ ಹುಳವೊಂದನ್ನು ಕಂಡ. ಅದು ನಾರಿನ ಉದ್ದಕ್ಕೂ ಅಡ್ಡಕ್ಕೂ ಸಲೀಸಾಗಿ ಹೋಗುತ್ತಿತ್ತು, ಬಾಗಿದ ದವಡೆಯಿಂದ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಕಚ್ಚುತ್ತಿತ್ತು. ಆ ದವಡೆಯನ್ನೇ ಉಕ್ಕಿನಲ್ಲಿ ಮಾಡಿದ. 1947ರಲ್ಲಿ ಪೋರ್ಟ್‌ಲ್ಯಾಂಡಿನ ತನ್ನ ಮನೆಯ ನೆಲಮಾಳಿಗೆಯಲ್ಲಿ ಅಂಥ ಚೈನ್ ತಯಾರಿಸಿ ಮಾರತೊಡಗಿದ. ನಿಮ್ಮ ಮೆಷಿನ್‌ನಲ್ಲಿ ಒಂದು ಹಲ್ಲು ಎಡಕ್ಕೆ, ಇನ್ನೊಂದು ಬಲಕ್ಕೆ ಮುಖ ಮಾಡಿರುವುದು ಆ ಹುಳದ ಪಾಠ. ನಮ್ಮ ಅರೇಬಿಕಾ ಕಾಫಿ ಗಿಡದ ಕಾಂಡಕೊರಕ ಹುಳವೂ ಇದೇ ಕಸುಬಿನದು. ಒಣಗಿದ ಗಿಡ ಕಿತ್ತು ಸೀಳಿ ನೋಡಿ, ಸುರಂಗದ ತುಂಬ ಒತ್ತಿ ತುಂಬಿದ ಪುಡಿ. ಅದನ್ನು ಹೊಗಳಿದ ಬೆಳೆಗಾರರನ್ನು ನಾನಿನ್ನೂ ಕಂಡಿಲ್ಲ.

ನಾಪೋಕ್ಲಿನವರಿಗೆ: 70 ಸಿಸಿಯ ದುಡ್ಡು ಸದ್ಯ ಬ್ಯಾಂಕಿನಲ್ಲೇ ಇರಲಿ, ಒಂದು ದುಂಡಗಿನ ಅರ ತಗೊಳ್ಳಿ. ಆಮೇಲೂ ಹಿಟ್ಟೇ ಬಿದ್ದರೆ ಮೆಷಿನ್ ತನ್ನಿ, ನೋಡೋಣ. ಬರುವಾಗ ಹೋದ ಮಳೆಗಾಲದ ಪೆಟ್ರೋಲನ್ನು ಟ್ಯಾಂಕಿನಿಂದ ಖಾಲಿ ಮಾಡಿರಿ.