ಕೀಟದೊಳಗಿನ ವೋಲ್ಬಾಕಿಯಾ: ಜೆಲ್ ಮೇಲಿನ ಪಟ್ಟಿಯನ್ನು ಓದುವ ಬಗೆ

ಹೊಲದಲ್ಲೋ ಹಿತ್ತಲಲ್ಲೋ ಹಿಡಿದ ಕೀಟದೊಳಗೆ ವೋಲ್ಬಾಕಿಯಾ ಇದೆಯೇ ಎಂಬುದು ಹೊರನೋಟಕ್ಕೆ ತಿಳಿಯುವುದಿಲ್ಲ. ಹರ್ಟಿಗ್ ಮತ್ತು ವೋಲ್ಬಾಕ್ 1924ರಲ್ಲಿ ಕ್ಯೂಲೆಕ್ಸ್ ಸೊಳ್ಳೆಯಲ್ಲಿ ಕಂಡ ಈ ಬ್ಯಾಕ್ಟೀರಿಯಾ ಜೀವಕೋಶದ ಒಳಗಷ್ಟೇ ಬದುಕುವುದರಿಂದ ಸಾಮಾನ್ಯ ಅಗರ್ ತಟ್ಟೆಯಲ್ಲಿ ಅದನ್ನು ಬೆಳೆಸಿ ನೋಡುವಂತಿಲ್ಲ. ಹೀಗಾಗಿ ಕೀಟದ ಡಿಎನ್‌ಎ ತೆಗೆದು ಪಿಸಿಆರ್ (ಡಿಎನ್‌ಎಯ ಆಯ್ದ ತುಣುಕನ್ನು ಅಸಂಖ್ಯ ಪ್ರತಿಗಳಾಗಿ ಹೆಚ್ಚಿಸುವ ವಿಧಾನ) ಮಾಡುವುದೇ ರೂಢಿಯಲ್ಲಿರುವ ದಾರಿ.

ಹಿಡಿದ ಕೂಡಲೇ ಕೀಟವನ್ನು 95% ಎಥನಾಲ್‌ನಲ್ಲಿ ಮುಳುಗಿಸಿಡಬೇಕು. ವೋಲ್ಬಾಕಿಯಾ ತಾಯಿಯಿಂದ ಮೊಟ್ಟೆಯ ಮೂಲಕ ಮರಿಗೆ ದಾಟುವುದರಿಂದ ಅಂಡಾಶಯವಿರುವ ಹೊಟ್ಟೆಯ ಭಾಗವನ್ನೇ ಅರೆಯುವುದು ವಾಡಿಕೆ. ಆದರೆ ಕೀಟ ತಿಂದ ಆಹಾರ ಇರುವುದೂ ಅಲ್ಲೇ, ಒಳಗೆ ಬೆಳೆಯುತ್ತಿರುವ ಪರಾವಲಂಬಿ ಕಣಜದ ಮರಿ ಅಡಗಿರುವುದೂ ಅಲ್ಲೇ. ಅವುಗಳ ವೋಲ್ಬಾಕಿಯಾ ನಮ್ಮ ಕೀಟದ ಲೆಕ್ಕಕ್ಕೆ ಬಂದುಬಿಡಬಹುದು.

ಪ್ರತಿ ಮಾದರಿಗೂ ಎರಡು ಜೋಡಿ ಪ್ರೈಮರ್ (ಯಾವ ತುಣುಕನ್ನು ಹೆಚ್ಚಿಸಬೇಕೆಂದು ಗುರುತಿಸುವ ಚಿಕ್ಕ ಡಿಎನ್‌ಎ ಎಳೆಗಳು) ಬಳಸುತ್ತಾರೆ. ಒಂದು ವೋಲ್ಬಾಕಿಯಾದ 16ಎಸ್ ಜೀನಿನಿಂದ 438 ಬೇಸ್ ಜೋಡಿಗಳಷ್ಟು (ಡಿಎನ್‌ಎಯ ಉದ್ದದ ಅಳತೆ) ಉದ್ದದ ತುಣುಕನ್ನು, ಇನ್ನೊಂದು ಕೀಟದ್ದೇ ಮೈಟೊಕಾಂಡ್ರಿಯದ ಸಿಒ1 ಜೀನಿನಿಂದ ಸುಮಾರು 700 ಬೇಸ್ ಜೋಡಿಗಳ ತುಣುಕನ್ನು ಹೆಚ್ಚಿಸುತ್ತದೆ. ಎರಡನೆಯದನ್ನು ಹಲವರು ಕಾಟಾಚಾರಕ್ಕೆಂಬಂತೆ ಮಾಡುತ್ತಾರೆ. ನನ್ನ ದೃಷ್ಟಿಯಲ್ಲಿ ಇಡೀ ಪರೀಕ್ಷೆ ನಿಂತಿರುವುದೇ ಅದರ ಮೇಲೆ. ಹೆಚ್ಚಿಸಿದ ತುಣುಕುಗಳನ್ನು ಜೆಲ್ ಎಂಬ ಲೋಳೆಯಂಥ ಹಾಳೆಯಲ್ಲಿ ವಿದ್ಯುತ್ತಿನಿಂದ ಓಡಿಸಿದಾಗ ಅವು ಉದ್ದಕ್ಕೆ ತಕ್ಕಂತೆ ಬೇರೆ ಬೇರೆ ಜಾಗದಲ್ಲಿ ಪಟ್ಟಿಗಳಾಗಿ ಕಾಣುತ್ತವೆ. ಸಿಒ1 ಪಟ್ಟಿ ಮೂಡಿ 438ರ ಜಾಗ ಖಾಲಿ ಉಳಿದರೆ ಮಾತ್ರ "ವೋಲ್ಬಾಕಿಯಾ ಪತ್ತೆಯಾಗಲಿಲ್ಲ" ಎಂದು ಬರೆಯಬಹುದು. ಎರಡೂ ಮೂಡದಿದ್ದರೆ ಡಿಎನ್‌ಎ ಹಾಳಾಗಿದೆ, ಇಲ್ಲವೇ ಕೀಟದ ವರ್ಣದ್ರವ್ಯದಂಥ ಯಾವುದೋ ವಸ್ತು ಡಿಎನ್‌ಎ ಪ್ರತಿ ಮಾಡುವ ಪಾಲಿಮರೇಸ್ ಕಿಣ್ವವನ್ನು ತಡೆದಿದೆ ಎಂದು ಶಂಕಿಸಿ, ಡಿಎನ್‌ಎಯನ್ನು ತೆಳುಗೊಳಿಸಿ ಮತ್ತೊಮ್ಮೆ ನೋಡಬೇಕು. ಡಿಎನ್‌ಎ ಬದಲು ನೀರು ಹಾಕಿದ ಟ್ಯೂಬಿನಲ್ಲೂ ಪಟ್ಟಿ ಕಂಡರೆ ಅದು ಕಲಬೆರಕೆಯ ಗುರುತು; ಆ ಸರದಿಯ ಯಾವ ಫಲಿತಾಂಶವನ್ನೂ ನಂಬುವಂತಿಲ್ಲ.

438ರ ಪಟ್ಟಿ ಸ್ಪಷ್ಟವಾಗಿ ಮೂಡಿದರೂ ಅದು ಹೇಳುವುದು ವೋಲ್ಬಾಕಿಯಾದ ಡಿಎನ್‌ಎ ಇದೆ ಎಂದಷ್ಟೇ, ಜೀವಂತ ಬ್ಯಾಕ್ಟೀರಿಯಾ ಇದೆ ಎಂದಲ್ಲ. ನಮ್ಮಲ್ಲೂ ಕಡಲೆ, ಹೆಸರುಕಾಳಿನ ಡಬ್ಬಿಗಳಲ್ಲಿ ಕಾಣಸಿಗುವ ಕಾಳು ಕೊರೆಯುವ ದುಂಬಿಯ (ಕ್ಯಾಲೊಸೊಬ್ರೂಕಸ್ ಚೈನೆನ್ಸಿಸ್) ಮೇಲೆ ಜಪಾನಿನ ಸಂಶೋಧಕರು ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಒಳ್ಳೆಯ ಉದಾಹರಣೆ. ಆ ದುಂಬಿಯಲ್ಲಿ ಮೂರು ಬಗೆಯ ವೋಲ್ಬಾಕಿಯಾದ ಗುರುತು ಸಿಕ್ಕಿತ್ತು. ಆ್ಯಂಟಿಬಯಾಟಿಕ್ ಕೊಟ್ಟಾಗ ಎರಡು ಅಳಿದವು, ಮೂರನೆಯದರ ಸಂಕೇತ ಮಾತ್ರ ಉಳಿಯಿತು. ತಾಯಿಯಿಂದಷ್ಟೇ ಬರಬೇಕಾದದ್ದು ತಂದೆಯಿಂದಲೂ ಹೆಣ್ಣು ಸಂತತಿಗೆ ದಾಟುತ್ತಿತ್ತು. ಆ ಜೀನುಗಳು ದುಂಬಿಯ ಎಕ್ಸ್ ವರ್ಣತಂತುವಿನಲ್ಲೇ ಸೇರಿಹೋಗಿದ್ದವು.