ಟಿಆರ್6 ಬಾಡಿ ಕೂರಿಸುವುದು: ಬಾಗಿಲ ಸಂದು ಹೇಳುವ ವಿಷಯ

ಬ್ರಿಟನ್ನಿನ ಹಳೆಯ ತೆರೆದ ಸ್ಪೋರ್ಟ್ಸ್ ಕಾರು ಟ್ರಯಂಫ್ ಟಿಆರ್6ರ ಬಾಗಿಲು ಸರಿಯಾಗಿ ಕೂರದಿದ್ದರೆ ಎಲ್ಲರ ಕೈ ಮೊದಲು ಹೋಗುವುದು ಹಿಂಜ್‌ನ ಬೋಲ್ಟ್‌ಗೆ. ಸ್ವಲ್ಪ ತಡೆಯಿರಿ. ಬಾಗಿಲನ್ನು ಅರ್ಧ ತೆರೆದು, ತುದಿ ಹಿಡಿದು ಮೇಲೆತ್ತಿ ನೋಡಿ. ಅಲ್ಲಾಡಿದರೆ ಹಿಂಜ್‌ನ ಪಿನ್ ಸವೆದಿದೆ, ಅದನ್ನು ಬದಲಿಸಿ. ಅಲ್ಲಾಡದೇ ಇದ್ದೂ ಬಾಗಿಲ ಹಿಂದಿನ ಅಂಚಿಗೂ ಬಾಡಿಗೂ ನಡುವಿನ ಸಂದು ಮೇಲೆ ಕಿರಿದು, ಕೆಳಗೆ ಅಗಲ ಇದ್ದರೆ, ಬಾಡಿಯೇ ನಡುವೆ ಕುಸಿದಿರುವ ಸಾಧ್ಯತೆ ಜಾಸ್ತಿ.

ಯಾಕೆ ಹೀಗಾಗುತ್ತದೆ? ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ 1976ರವರೆಗೆ ತಯಾರಾದ ಈ ಕಾರಿಗೆ ಚಾಸಿ (ಕೆಳಗಿನ ಕಬ್ಬಿಣದ ಚೌಕಟ್ಟು) ಬೇರೆ, ಬಾಡಿ ಬೇರೆ. ಎರಡನ್ನೂ ಬೋಲ್ಟ್ ಹಾಕಿ ಜೋಡಿಸಿರುತ್ತಾರೆ. ಮೇಲೆ ಗಟ್ಟಿ ಛಾವಣಿ ಇಲ್ಲ. ಮುಚ್ಚಳವಿಲ್ಲದ ರಟ್ಟಿನ ಪೆಟ್ಟಿಗೆ ಹೇಗೆ ಬಾಗುತ್ತದೋ ಹಾಗೆಯೇ ಇದೂ ಬಾಗುತ್ತದೆ. ಬಾಗಿಲ ಕೆಳಗಿನ ಸಿಲ್ ತುಕ್ಕು ಹಿಡಿದರಂತೂ ಹೇಳುವುದೇ ಬೇಡ.

ಬಾಡಿಗೂ ಚಾಸಿಗೂ ನಡುವೆ ಹಾಕುವ ತೆಳು ಪ್ಯಾಕಿಂಗ್‌ನಲ್ಲೇ ಇದಕ್ಕೆ ಪರಿಹಾರ ಇದೆ. ನಡುವಿನ ಬೋಲ್ಟ್‌ಗಳ ಹತ್ತಿರ ಪ್ಯಾಕಿಂಗ್ ಸೇರಿಸಿದರೆ ನೆಲ ಮೇಲೇಳುತ್ತದೆ, ಬಾಗಿಲ ಎರಡೂ ಬದಿಯ ಕಂಬಗಳು ಮೇಲ್ತುದಿಯಲ್ಲಿ ಒಂದರಿಂದೊಂದು ದೂರ ಸರಿಯುತ್ತವೆ, ಮೇಲಿನ ಸಂದು ಅಗಲವಾಗುತ್ತದೆ. ಹಿಂದಿನ ತುದಿಗೆ ಪ್ಯಾಕಿಂಗ್ ಹಾಕಿದರೆ ಇದಕ್ಕೆ ಉಲ್ಟಾ: ಮೇಲಿನ ಸಂದು ಮುಚ್ಚಿಕೊಳ್ಳುತ್ತದೆ. ಒಂದು ಲೆಕ್ಕ ನೋಡೋಣ. ಬಾಗುವ ಜಾಗದಿಂದ ಹಿಂದಿನ ಬೋಲ್ಟ್ 1 ಮೀಟರ್ ದೂರ, ಬಾಗಿಲ ಎತ್ತರ ಅರ್ಧ ಮೀಟರ್ ಅಂದುಕೊಳ್ಳಿ. ಹಿಂದೆ 2 ಮಿ.ಮೀ. ಎತ್ತಿದರೆ ಮೇಲಿನ ಸಂದು ಸುಮಾರು 1 ಮಿ.ಮೀ. ಬದಲಾಗುತ್ತದೆ. ಆದ್ದರಿಂದ ಒಂದೊಂದೇ ಪ್ಯಾಕಿಂಗ್ ಹಾಕಿ, ಬೋಲ್ಟ್ ಬಿಗಿ ಮಾಡಿ, ಮತ್ತೆ ಅಳೆಯಿರಿ. ಬೋಲ್ಟ್ ಸಡಿಲ ಇರುವಾಗ ಅಳೆದ ಅಳತೆಗೆ ಬೆಲೆ ಇಲ್ಲ.

ಇದೆಲ್ಲಕ್ಕಿಂತ ಮುಂಚೆ ಚಾಸಿ ನೆಟ್ಟಗಿದೆಯೇ ಎಂದು ನೋಡಲೇಬೇಕು. ಎಡ ಮುಂದಿನಿಂದ ಬಲ ಹಿಂದಕ್ಕೆ, ಬಲ ಮುಂದಿನಿಂದ ಎಡ ಹಿಂದಕ್ಕೆ ಟೇಪ್ ಹಿಡಿಯಿರಿ. ಎರಡೂ ಕರ್ಣ ಸಮ ಬರಬೇಕು. ಡಿಫರೆನ್ಷಿಯಲ್ (ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ತೂಗುವ ಜಾಗದಲ್ಲಿ ಬಿರುಕು, ಹಿಂದಿನ ಸಸ್ಪೆನ್ಷನ್ ತೋಳು ಸೇರುವ ಕಡೆ ತುಕ್ಕು, ಇವು ಈ ಕಾರಿಗೆ ಹೆಸರುವಾಸಿ ಕಾಯಿಲೆಗಳು. ಚಾಸಿಯೇ ಸೊಟ್ಟಗಿದ್ದರೆ ಎಷ್ಟು ಪ್ಯಾಕಿಂಗ್ ಹಾಕಿದರೂ ಸುಮ್ನೆ ದಂಡ.

ಸಿಲ್ ಕತ್ತರಿಸಬೇಕಾಗಿ ಬಂದರೆ, ಕತ್ತರಿಸುವ ಮೊದಲೇ ಬಾಗಿಲ ಜಾಗಕ್ಕೆ ಅಡ್ಡಲಾಗಿ ಕಬ್ಬಿಣದ ಪೈಪ್ ವೆಲ್ಡ್ ಮಾಡಿ. ಬಾಡಿಯನ್ನು ಚಾಸಿಗೆ ಬೋಲ್ಟ್ ಮಾಡಿಟ್ಟುಕೊಂಡೇ ಹೊಸ ಸಿಲ್ ಹಾಕಿ. ಇಲ್ಲಿ ಅವಸರ ಮಾಡಿದವರ ಕಾರಿನಲ್ಲಿ ಮುಂದೆ ಯಾವ ಬಾಗಿಲೂ ಸರಿಯಾಗಿ ಮುಚ್ಚುವುದಿಲ್ಲ.

ನಮ್ಮ ಕಡೆ ಟಿಆರ್6 ಅಪರೂಪ. ಆದರೆ 1961ರಿಂದ ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಇದೇ ಮನೆತನದ್ದು, ಅದಕ್ಕೂ ಚಾಸಿ ಬೇರೆ. ಹೆರಾಲ್ಡ್ ಇಟ್ಟುಕೊಂಡವರಿಗೆ ಈ ಅಳತೆ ನೋಡುವ ಕ್ರಮ ಚೆನ್ನಾಗಿಯೇ ಉಪಯೋಗಕ್ಕೆ ಬರುತ್ತದೆ.

ಜೋಡಿಸುವಾಗ ಹಿಂದಿನಿಂದ ಮುಂದಕ್ಕೆ ಬನ್ನಿ. ಹಿಂದಿನ ಮಡ್ಗಾರ್ಡ್‌ಗೆ ಬಾಗಿಲನ್ನು ಹೊಂದಿಸಿ. ಬಾಗಿಲಿಗೆ ಮುಂದಿನ ಮಡ್ಗಾರ್ಡ್ ಹೊಂದಿಸಿ. ಕೊನೆಗೆ ಬಾನೆಟ್. ಸುತ್ತಲೂ ಸುಮಾರು 5 ಮಿ.ಮೀ. ಸಂದು ಸಿಕ್ಕರೆ ತುಂಬಾ ಚೆನ್ನಾಗಿದೆ ಅಂತಲೇ ಲೆಕ್ಕ, ಕಾರ್ಖಾನೆಯಿಂದ ಬಂದ ಕಾರುಗಳಲ್ಲೂ ಎಲ್ಲ ಕಡೆ ಸಮ ಇರುತ್ತಿರಲಿಲ್ಲ. ಎಂಜಿನ್, ಗೇರ್‌ಬಾಕ್ಸ್ ಕೂರಿಸಿ, ಕಾರು ತನ್ನ ಚಕ್ರಗಳ ಮೇಲೆ ನಿಂತ ಮೇಲೆ ಎಲ್ಲ ಸಂದುಗಳನ್ನೂ ಇನ್ನೊಮ್ಮೆ ಅಳೆಯಿರಿ. ಪುಟ್ಟಿ, ಪೇಂಟ್ ಎಲ್ಲ ಅದಾದ ಮೇಲೆಯೇ.