ಆಪರೇಷನ್ ನಂತರದ ನೋವು ಮತ್ತು ಮೊಬೈಲ್ ಆಪ್: ನರ್ಸಿಂಗ್ ಗೆಳೆಯರಿಗೆ ನನ್ನ ಟಿಪ್ಪಣಿ

ಕೋಲಾರದಲ್ಲಿ ಆಪರೇಷನ್ ಮಾಡಿಸಿಕೊಂಡವರು ಕೆಲವೇ ದಿನಕ್ಕೆ ಮುಳಬಾಗಿಲಿಗೋ ಶ್ರೀನಿವಾಸಪುರದ ಯಾವುದೋ ಹಳ್ಳಿಗೋ ಹೊರಟುಬಿಡುತ್ತಾರೆ. ನೋವು ಅವರ ಜೊತೆಗೇ ಹೋಗುತ್ತದೆ. ಅಲ್ಲಿ ನರ್ಸ್ ಇಲ್ಲ, ಫೋನ್ ಇದೆ. ಹೊತ್ತುಹೊತ್ತಿಗೆ ನೋವು ಎಷ್ಟೆಂದು ಕೇಳುವುದು, ಮಾತ್ರೆ ನೆನಪಿಸುವುದು, ಗಾಯದ ಫೋಟೋ ಡಾಕ್ಟರಿಗೆ ಕಳಿಸುವುದು, ಹೆಜ್ಜೆ ಲೆಕ್ಕ ಇಡುವುದು: ಇಂಥ ಆಪ್‌ಗಳ ಕೆಲಸ ಇಷ್ಟೇ.

ಮಲಗಿದಾಗ ಎಷ್ಟು, ಕೆಮ್ಮಿದಾಗ ಎಷ್ಟು?

ನನಗೆ ತಲೆಗೆ ಹತ್ತಲು ಜಾಸ್ತಿ ಹೊತ್ತು ಹಿಡಿದದ್ದು ಇದೇ. ಅದಕ್ಕೇ ಬಿಡಿಸಿ ಬರೆಯುತ್ತೇನೆ.

ನೋವಿಗೆ 0ರಿಂದ 10ರವರೆಗೆ ಅಂಕಿ ಕೊಡುತ್ತೇವೆ: 0 ಅಂದರೆ ನೋವೇ ಇಲ್ಲ, 10 ಅಂದರೆ ಊಹಿಸಬಹುದಾದ ಅತಿ ಕೆಟ್ಟ ನೋವು. ಹೊಟ್ಟೆಯ ಆಪರೇಷನ್ ಆದ ಅಜ್ಜಿ ಅಲ್ಲಾಡದೆ ಮಲಗಿದ್ದಾರೆ ಅಂದುಕೊಳ್ಳಿ. ಆಪ್ "ಈಗ ನೋವು ಎಷ್ಟು?" ಅಂದರೆ 2 ಅನ್ನುತ್ತಾರೆ. ಗ್ರಾಫ್ ಚೆನ್ನಾಗಿಯೇ ಕಾಣುತ್ತದೆ. ಕೆಮ್ಮಿದರೆ ಮಾತ್ರ 8. ಆ 8ಕ್ಕೆ ಹೆದರಿ ಅವರು ಕೆಮ್ಮುವುದಿಲ್ಲ, ಉಸಿರು ಆಳವಾಗಿ ಎಳೆಯುವುದಿಲ್ಲ, ಏಳುವುದೂ ಇಲ್ಲ. ಶ್ವಾಸಕೋಶದ ತಳಭಾಗ ಸರಿಯಾಗಿ ಹಿಗ್ಗುವುದಿಲ್ಲ. ಕಫ ನಿಂತು ನ್ಯುಮೋನಿಯಾ ಆಗಬಹುದು. ಓಡಾಡದಿದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ಅಂದರೆ ಆಪತ್ತು ಇರುವುದು ಆಪ್ ಕೇಳದೇ ಬಿಟ್ಟ ಸಂಖ್ಯೆಯಲ್ಲಿ.

ಈಗ ಮಾತ್ರೆ ಕೊಟ್ಟಿರಿ. ಒಂದು ಗಂಟೆಯ ನಂತರ ಮಲಗಿದಾಗ 2, ಕೆಮ್ಮಿದಾಗ 4. ಮಲಗಿದಾಗಿನ ಅಂಕಿ ಮಾತ್ರ ನೋಡಿದವರು "ಮಾತ್ರೆ ಕೆಲಸವೇ ಮಾಡಿಲ್ಲ" ಅನ್ನುತ್ತಾರೆ. ಆದರೆ ಅಜ್ಜಿ ಈಗ ಕೆಮ್ಮಬಲ್ಲರು, ಬಚ್ಚಲಿಗೆ ನಡೆದು ಹೋಗಬಲ್ಲರು. ನಮಗೆ ಬೇಕಾಗಿದ್ದು ಅದೇ ಅಲ್ವಾ? ನೋವನ್ನು 0ಗೆ ಇಳಿಸುವುದೇ ಗುರಿಯಲ್ಲ. ಎರಡೂ ಅಂಕಿ ಕೂಡಿಸಿ ಸರಾಸರಿ ತೆಗೆಯಲೂ ಬೇಡಿ. 2 ಮತ್ತು 8ರ ಸರಾಸರಿ 5, ಆದರೆ ಅಜ್ಜಿಗೆ 5ರ ನೋವು ಯಾವ ಹೊತ್ತಿನಲ್ಲೂ ಇರಲಿಲ್ಲ.

ನಾನು ಇಟ್ಟುಕೊಂಡ ಸುಲಭದ ದಾರಿ: ಫೋನಿನಲ್ಲಾದರೂ ಸರಿ, "ಅಜ್ಜೀ, ಗಾಯದ ಮೇಲೆ ದಿಂಬು ಒತ್ತಿಹಿಡಿದು ಒಂದು ಸಲ ಕೆಮ್ಮಿ. ಈಗ ಹೇಳಿ, ಎಷ್ಟು?" ಅನ್ನಿ. ಆಮೇಲೆ "ನೋವಿಗೆ ಹೆದರಿ ಇವತ್ತು ಏನು ಮಾಡದೆ ಬಿಟ್ಟಿರಿ?" ಅಂತ ಕೇಳಿ. ಈ ಎರಡನೇ ಪ್ರಶ್ನೆಗೆ ಬರುವ ಉತ್ತರ ಅಂಕಿಗಿಂತ ಹೆಚ್ಚು ಹೇಳುತ್ತದೆ.

ಆಗಾಗ ಕೇಳುವುದೇಕೆ?

ನೋವಿನ ನೆನಪು ನೇರವಾಗಿರುವುದಿಲ್ಲ. 1996ರಲ್ಲಿ ರೆಡೆಲ್ಮೇಯರ್ ಮತ್ತು ಕಾನೆಮನ್ ಎಂಬ ಸಂಶೋಧಕರು ಕೊಲೊನೋಸ್ಕೋಪಿ (ದೊಡ್ಡ ಕರುಳಿನೊಳಗೆ ಕೊಳವೆ ಹಾಕಿ ನೋಡುವ ಪರೀಕ್ಷೆ) ಮಾಡಿಸಿಕೊಂಡವರಲ್ಲಿ ಇದನ್ನು ತೋರಿಸಿದರು. ಎಷ್ಟು ಹೊತ್ತು ನೋವಿತ್ತು ಅನ್ನುವುದಕ್ಕಿಂತ, ಅತಿ ಹೆಚ್ಚು ನೋವಾದ ಕ್ಷಣ ಮತ್ತು ಕೊನೆಯ ನಿಮಿಷಗಳೇ ನೆನಪನ್ನು ರೂಪಿಸುತ್ತವೆ. ಹೊಲಿಗೆ ಬಿಚ್ಚಿಸಲು ಬಂದಾಗ ಕೇಳಿದರೆ ಸಿಗುವುದು ಆ ನೆನಪು. ಆಪ್ ಕೇಳುವುದು ಆ ಹೊತ್ತಿನ ನೋವನ್ನು.

ಆದರೆ ಉತ್ತರ ಬರಲಿಲ್ಲವೆಂದರೆ ನೋವಿಲ್ಲ ಎಂದಲ್ಲ. ಮಗ ಫೋನ್ ತೆಗೆದುಕೊಂಡು ಮಂಡಿಗೆ ಹೋಗಿರಬಹುದು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು ಮಾತಾಡುತ್ತಾರೆ, ಅಂಥವರಿಗೆ ಕನ್ನಡದ ಮೆಸೇಜಿಗಿಂತ ಒಂದು ಕರೆ ಮೇಲು.

ಮಾತ್ರೆ, ವಾಚ್

ಆರೋಗ್ಯವಂತ ವಯಸ್ಕರಿಗೆ ಪ್ಯಾರಾಸಿಟಮಾಲ್ 24 ಗಂಟೆಗೆ ಹೆಚ್ಚೆಂದರೆ 4 ಗ್ರಾಂ. 650 ಮಿಲಿಗ್ರಾಂ ಮಾತ್ರೆ ಆರಾದರೆ 3.9 ಗ್ರಾಂ. ನೆಗಡಿ ಮಾತ್ರೆಯಲ್ಲೂ ಅದೇ ಇರುತ್ತದೆ, ಅದು ಆಪ್‌ಗೆ ಗೊತ್ತಾಗುವುದಿಲ್ಲ. ಟ್ರಮಡಾಲ್ ಎಂಬ ಬಲವಾದ ನೋವಿನ ಔಷಧಿ 2018ರಿಂದ ಎನ್‌ಡಿಪಿಎಸ್ (ಮಾದಕ ವಸ್ತು ನಿಯಂತ್ರಣ) ಕಾಯ್ದೆಯಡಿ ಬರುತ್ತದೆ. 2020ರ ಟೆಲಿಮೆಡಿಸಿನ್ ನಿಯಮದಂತೆ ಅಂಥ ಔಷಧಿಯನ್ನು ಫೋನಿನಲ್ಲಿ ನೋಡಿ ಬರೆದುಕೊಡುವಂತಿಲ್ಲ.

ವಾಚಿನಲ್ಲಿ ಹೃದಯ ಬಡಿತ ಜಾಸ್ತಿ ಕಂಡರೆ ಸುಮ್ನೆ ನೋವೆಂದು ಬರೆಯಬೇಡಿ. ಜ್ವರ, ಗಾಬರಿ, ರಕ್ತಸ್ರಾವದಿಂದಲೂ ಅದು ಏರುತ್ತದೆ.

ಗಾಯದಲ್ಲಿ ಕೀವು ಅಥವಾ ಜ್ವರ ಇದ್ದರೆ ಅದೇ ದಿನ ಆಸ್ಪತ್ರೆಗೆ ಕರೆಸಿ. ಒಂದೇ ಕಾಲು ಊದಿ ನೋಯುತ್ತಿದ್ದರೂ ಅಷ್ಟೇ, ತಡ ಮಾಡಬಾರದು. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ಅಥವಾ ಹೊಟ್ಟೆ ಗಟ್ಟಿಯಾಗಿ ನೋವು ಏರಿದರೆ, ಆಪ್‌ನಲ್ಲಿ ಯಾವ ಅಂಕಿ ಇದ್ದರೂ 108ಕ್ಕೆ ಕರೆ ಮಾಡಿಸಿ.